ಕಡ್ಡಿಗಳ್ಳಿಯ ಸಂತಾನ

ಚನ್ನರಾಯಪಟ್ಟಣದ ಕಡೆಯ ನಮ್ಮ ಹೊಲದ ಮೂಲೆಯಲ್ಲಿರುವ ಕಡ್ಡಿಗಳ್ಳಿಯ ಮರವನ್ನು ಬಂಧುಗಳೆಲ್ಲರೂ ಬಲ್ಲರು. ಅಜ್ಜನವರು ಬೇಲಿಗೆಂದು ನೆಟ್ಟ ಕಡ್ಡಿ ಇಂದು ಎರಡಾಳೆತ್ತರವನ್ನು ಮೀರಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ನಾಲೆಯ ನೀರು ಹರಿದು ಬಂದ ಮೇಲೆ ನೆರೆಯ ಹೊಲಗಳ ಕಳ್ಳಿಬೇಲಿಗಳು ಒಂದೊಂದಾಗಿ ಮಾಯವಾದವು; ಇದೊಂದು ಉಳಿದಿತ್ತು. ಈ ಬೇಸಿಗೆಯಲ್ಲಿ ಹೊಲ ಪಾಲಾಗಿ ಆ ಮೂಲೆ ಪರರ ಕೈಸೇರಿತು. ಕೊಂಡವರು ತಂತಿಬೇಲಿ ಹಾಕಿಸುವವರಿದ್ದಾರೆ. ಮರ ಉಳಿಯದು.

ಅದರ ಸಂತಾನವನ್ನಾದರೂ ಉಳಿಸೋಣವೆಂದು ಹೊರಟಾಗ ತಮ್ಮನು, "ಅಣ್ಣಾ, ಮೊಮ್ಮಕ್ಕಳು ಬಂದುಹೋಗುವ ಮನೆಗೆ ಆ ವಿಷದ ಗಿಡ ಬೇಡ" ಎಂದನು. ಅಲ್ಲಗಳೆಯುವ ಮಾತಲ್ಲ. ಕಳ್ಳಿಹಾಲು ಕಣ್ಣಿಗೆ ಸಿಡಿದರೆ ಅಸಾಧ್ಯ ಉರಿ; ದೃಷ್ಟಿ ಮಂಜಾಗುವುದೂ ಉಂಟು. ಚಿಕ್ಕಪ್ಪನವರು ಮೂರು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದುದನ್ನು ನಾವಿಬ್ಬರೂ ಕಂಡವರು. ಆದುದರಿಂದ ಕನ್ನಡಕ, ಕೈಗವಸು ಧರಿಸಿ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡೇ ಕತ್ತಿ ಹಿಡಿದೆನು.

ಮೊಳದುದ್ದದ, ಹೆಬ್ಬೆರಳಿನ ಗಾತ್ರದ ಏಳು ತುದಿಕೊಂಬೆಗಳನ್ನು ಆರಿಸಿದೆ. ಕೊಯ್ದ ಬಾಯನ್ನು ನೀರಿನಲ್ಲಿ ಅದ್ದಿದರೆ ಹಾಲು ಒಸರುವುದು ನಿಲ್ಲುತ್ತದೆ. ಅನಂತರ ನೆರಳಿನಲ್ಲಿ ಒಂದು ವಾರ ಒಣಗಬೇಕು. ಗಾಯ ಮಾಯದೆ ಮಣ್ಣಿಗಿಟ್ಟರೆ ಕೊಳೆಯುವುದು ಖಂಡಿತ. ಹೊಳೆನರಸೀಪುರದ ಸೋದರಳಿಯನು ಮನೆ ಕಟ್ಟಿಸಿ ಉಳಿಸಿದ್ದ ಮರಳನ್ನು ಮಣ್ಣಿಗೆ ಸಮಪಾಲು ಬೆರೆಸಿದೆ. ನೆಟ್ಟ ಮೊದಲ ವಾರ ಹನಿ ನೀರೂ ಕೂಡದು. ಬೇರೊಡೆಯಲು ಸೆಖೆ ಬೇಕು, ಆದರೆ ಬೇರಿಲ್ಲದ ಕಡ್ಡಿಗೆ ಏಪ್ರಿಲ್ ಮಧ್ಯಾಹ್ನದ ನೇರ ಬಿಸಿಲು ಬೇಡ.

ಜೀವಶಾಸ್ತ್ರದ ಪಾಠ ಮರೆತಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಗಿಡದ ಪುಟ್ಟ ಎಲೆಗಳು ಬೇಗನೆ ಉದುರುತ್ತವೆ. ಆಹಾರ ತಯಾರಿಸುವುದು ಹಸಿರು ಕಾಂಡವೇ. ರಾತ್ರಿಯ ತಂಪಿನಲ್ಲಿ ತನ್ನ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಟ್ಟುಕೊಂಡು ಹಗಲಿನಲ್ಲಿ ಬಳಸುತ್ತದೆ. ಮೂಲ ಆಫ್ರಿಕ; ಆದರೂ 1753ರಲ್ಲಿ ಲಿನೇಯಸ್ ಇದಕ್ಕಿಟ್ಟ ಹೆಸರಿನಲ್ಲಿ ಮಲಬಾರಿನ 'ತಿರುಕಳ್ಳಿ' ಎಂಬ ನುಡಿಯೇ ಇದೆ. ನಮ್ಮ ಕಳ್ಳಿ ಲ್ಯಾಟಿನ್‌ಗೂ ಹೋಗಿ ಬಂದಿದೆಯೆನ್ನಿ!

ಅರಕಲಗೂಡಿನ ತಂಗಿಗೆ ಕಳುಹಿಸಿದ ಮೂರರಲ್ಲಿ ಎರಡು ಮೇ ತಿಂಗಳ ಮಳೆಗೆ ಸಿಕ್ಕಿ ಕೊಳೆತವು. ಹಾಸನದ ನಮ್ಮ ತಾರಸಿಯ ಮೇಲಿನ ನಾಲ್ಕೂ ಚಿಗುರಿವೆ. ತಮ್ಮನು ಇನ್ನೂ ಒಪ್ಪಿಲ್ಲ. ತಾರಸಿಯ ಬಾಗಿಲಿಗೆ ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಜನಿವಾರದಷ್ಟೇ ಭದ್ರವಾಗಿ ನನ್ನ ಬಳಿಯಿದೆ. ಬೇರು ಬಲಿತ ಮೇಲೆ ನಮ್ಮ ಪಾಲಿಗೆ ಉಳಿದ ಹೊಲದ ಬದುವಿಗೆ ಒಯ್ದು ನೆಡುವೆನು. ಅಷ್ಟರೊಳಗೆ ಒಂದು ತುಂಡು ಬೇಕೆನ್ನುವವರು ಬರಬಹುದು, ಕನ್ನಡಕ ಧರಿಸಿ.