ಕರ್ತೃಪದವಿಲ್ಲದ ಸುದ್ದಿ



ಕನ್ನಡ ದಿನಪತ್ರಿಕೆ ಓದುವ ಯಾರಿಗೂ ಈ ಬಗೆಯ ಶೀರ್ಷಿಕೆ ಅಪರಿಚಿತವಲ್ಲ: ‘ವೇಶ್ಯಾವಾಟಿಕೆ ಅಡ್ಡೆಯ ಮೇಲೆ ದಾಳಿ: ಇಬ್ಬರ ಬಂಧನ, ನಾಲ್ವರು ಯುವತಿಯರ ರಕ್ಷಣೆ’. ಬಡಾವಣೆಯ ಹೆಸರು ಬದಲಾಗುತ್ತದೆ, ಸಂಖ್ಯೆ ಬದಲಾಗುತ್ತದೆ. ವಾಕ್ಯದ ಅಚ್ಚು ಮಾತ್ರ ದಶಕಗಳಿಂದ ಹಾಗೆಯೇ ಉಳಿದಿದೆ. ಮೂವತ್ತನಾಲ್ಕು ವರ್ಷ ವ್ಯಾಕರಣ ಬೋಧಿಸಿದವನಿಗೆ ಯಾವ ವಾಕ್ಯ ಕಂಡರೂ ಮೊದಲು ಕರ್ತೃಪದವನ್ನು ಹುಡುಕುವ ಚಟ. ನನ್ನ ತರಗತಿಯಲ್ಲಿ ಕುಳಿತು ಬೈಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಈ ಸಾಲಿನಲ್ಲಿ ಹುಡುಕಿದರೆ ಬಂಧಿತರು ಸಿಗುತ್ತಾರೆ, ರಕ್ಷಿತರು ಸಿಗುತ್ತಾರೆ. ದಾಳಿ ಮಾಡಿದ ಅಧಿಕಾರಿಗಳ ಹೆಸರು ಸುದ್ದಿಯ ಕೊನೆಯಲ್ಲಿ ಸಿಗುತ್ತದೆ. ಹಣ ತೆತ್ತು ಕೊಳ್ಳಲು ಬಂದವನು ಮಾತ್ರ ಹೆಚ್ಚಾಗಿ ಎಲ್ಲಿಯೂ ಇರುವುದಿಲ್ಲ. ಕೊಳ್ಳುವವನೇ ಇಲ್ಲದೆ ನಡೆಯುವ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬೇಕು!

ಇನ್ನೊಂದು ವಿಚಿತ್ರವಿದೆ. ಸುದ್ದಿಯಲ್ಲಿ ‘ರಕ್ಷಣೆ’ ಎಂದು ಅಚ್ಚಾಗಿರುತ್ತದೆ. ಪಕ್ಕದ ಚಿತ್ರದಲ್ಲಿ ರಕ್ಷಣೆಗೊಳಗಾದವರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, ಕಳವಿನ ಮಾಲಿನಂತೆ ಸಾಲಾಗಿ ಕುಳಿತಿರುತ್ತಾರೆ. ನದಿಯಲ್ಲಿ ಮುಳುಗುತ್ತಿದ್ದವರನ್ನು ಮೇಲೆತ್ತಿದ ಚಿತ್ರದಲ್ಲಿ ಯಾರೂ ಹೀಗೆ ಮುಖ ಮುಚ್ಚಿಕೊಂಡಿರುವುದಿಲ್ಲ.

ವಕೀಲಿ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಕೇಳಿದ: “ಸರ್, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ನಡೆಸುವ ವ್ಯವಹಾರದಲ್ಲಿ ನೊಂದವರು ಯಾರು? ಇದು ಬಲಿಪಶುವಿಲ್ಲದ ಅಪರಾಧ ಅಲ್ಲವೇ?” ಪ್ರಶ್ನೆ ನ್ಯಾಯವಾದದ್ದು. ಈ ಮಾತು ವ್ಯಾಪಕವಾಗಿ ಬಳಕೆಗೆ ಬಂದದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಶುರ್ ಅವರು 1965ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಅವರು ಅಲ್ಲಿ ಚರ್ಚಿಸಿದ್ದು ಗರ್ಭಪಾತ, ಸಲಿಂಗಕಾಮ, ಮಾದಕವ್ಯಸನ ಎಂಬ ಮೂರು ವಿಷಯಗಳನ್ನು. ವೇಶ್ಯಾವೃತ್ತಿಯನ್ನು ಆ ಚರ್ಚೆಯೊಳಗೆ ತಂದವರು ಬೇರೆಯವರು. ಒಪ್ಪಿಗೆಯಿಂದ ನಡೆಯುವ ಕೊಡುಕೊಳ್ಳುವಿಕೆಯಲ್ಲಿ ದೂರು ಕೊಡುವವರೇ ಇರುವುದಿಲ್ಲ, ಅಂಥದ್ದನ್ನು ಅಪರಾಧವೆಂದು ಕರೆದರೆ ಲಂಚ ಮತ್ತು ಗುಟ್ಟು ಬೆಳೆಯುತ್ತವೆ ಎಂಬುದು ವಾದದ ತಿರುಳು. ಅದಕ್ಕೂ ಮೊದಲು, 1957ರಲ್ಲಿ, ಬ್ರಿಟನ್ನಿನ ವುಲ್ಫೆಂಡನ್ ಸಮಿತಿ ಖಾಸಗಿ ನೈತಿಕತೆ ಕಾನೂನಿನ ವಿಷಯವಲ್ಲ ಎಂದು ಹೇಳಿತ್ತು. ಆದರೆ ಅದೇ ವರದಿಯ ಫಲವಾಗಿ ಬಂದ 1959ರ ಕಾಯಿದೆ, ಬೀದಿಯಲ್ಲಿ ನಿಲ್ಲುವ ಹೆಂಗಸಿಗೆ ಶಿಕ್ಷೆಯನ್ನು ಹೆಚ್ಚಿಸಿತು. ಕಣ್ಣಿಗೆ ಕಾಣದಿದ್ದರೆ ತೊಂದರೆಯಿಲ್ಲ, ಕಂಡರೆ ಕಂಡವಳದೇ ತಪ್ಪು ಎಂಬ ಧೋರಣೆ ಅದು.

ನಮ್ಮ ಕಾಯಿದೆಯ ಸ್ವರೂಪವೂ ಅದಕ್ಕಿಂತ ಬಹಳ ಬೇರೆಯಲ್ಲ. 1956ರ ಕಾಯಿದೆ 1986ರ ತಿದ್ದುಪಡಿಯಿಂದ ಅನೈತಿಕ ವ್ಯವಹಾರ ತಡೆ ಕಾಯಿದೆ ಎಂಬ ಹೆಸರು ಪಡೆಯಿತು. ವೇಶ್ಯಾವೃತ್ತಿ ತಾನೇ ಅಪರಾಧವೆಂದು ಅದು ಹೇಳುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ವೇಶ್ಯಾಗೃಹ ನಡೆಸುವುದು, ಆ ಸಂಪಾದನೆಯ ಮೇಲೆ ಬದುಕುವುದು, ಹೆಣ್ಣನ್ನು ಆ ದಾರಿಗೆ ತರುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಅಪರಾಧಗಳು. ಕರೆಯುವ ಅಪರಾಧಕ್ಕೆ ಹೆಂಗಸಿಗೆ ಮೊದಲ ಸಲ ಆರು ತಿಂಗಳವರೆಗೆ ಸೆರೆ ವಿಧಿಸಬಹುದು. ಅದೇ ಅಪರಾಧವನ್ನು ಗಂಡಸು ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ಇನ್ನು ಗಿರಾಕಿಯ ಮೇಲೆ ಮೊಕದ್ದಮೆ ನಿಲ್ಲುವುದೇ ಎಂಬ ವಿಷಯದಲ್ಲಿ ಹೈಕೋರ್ಟುಗಳ ತೀರ್ಪುಗಳು ಒಂದೇ ದಿಕ್ಕಿನಲ್ಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟು ಅಂತಹ ಹಲವು ಮೊಕದ್ದಮೆಗಳನ್ನು ರದ್ದುಪಡಿಸಿದೆ. ‘ರಕ್ಷಣೆ’ಗೆ ಒಳಗಾದವಳನ್ನು ಮಾತ್ರ, ವಿಚಾರಣೆಯ ಬಳಿಕ ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಪತ್ರಿಕೆಯ ಶೀರ್ಷಿಕೆಯಲ್ಲಿ ಮೂರೇ ಅಕ್ಷರದ ಪದದ ಹಿಂದೆ ಇಷ್ಟು ದೀರ್ಘವಾದ ಕಾಲ ಅಡಗಿದೆ.

ಕಾಯಿದೆಯ ಮಾತು ಇಷ್ಟು ಸಾಕು. ನನಗೆ ಗೊತ್ತಿದ್ದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಹತ್ತದಂತೆ ಊರನ್ನೂ ಕೆಲವು ವಿವರಗಳನ್ನೂ ಮರೆಮಾಡಿದ್ದೇನೆ.

1980ರ ದಶಕದ ಕೊನೆಯಲ್ಲಿ ನಾನು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಏಳನೆಯ ತರಗತಿಯಲ್ಲಿದ್ದ ಆ ಹುಡುಗಿ ಸಂಧಿ ಬಿಡಿಸುವುದರಲ್ಲಿ ಎಲ್ಲರಿಗಿಂತ ಮುಂದು. ಭಾರತ ಹುಣ್ಣಿಮೆಯ ಜಾತ್ರೆ ಮುಗಿದ ಮೇಲೆ ಶಾಲೆಗೆ ಬಂದವಳ ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರವಿತ್ತು. ಆ ಭಾಗದವರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ: ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ್ದರು. ಕರ್ನಾಟಕ ಸರ್ಕಾರ 1982ರಲ್ಲೇ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನ ಮಾಡಿತ್ತು. ಮುತ್ತು ಕಟ್ಟುವುದು ಗುಡ್ಡದ ಗುಡಿಯಿಂದ ರಾತ್ರಿಯ ಹೊತ್ತಿನ ಮನೆಗಳಿಗೆ ಸರಿದಿತ್ತು, ಅಷ್ಟೆ. ಮುಖ್ಯೋಪಾಧ್ಯಾಯರೂ ನಾನೂ ಅವಳ ಮನೆಗೆ ಹೋದೆವು. ಅಜ್ಜಿ ಕಣ್ಣೀರು ಹಾಕಲಿಲ್ಲ, ಜಗಳವನ್ನೂ ಆಡಲಿಲ್ಲ. “ಮನ್ಯಾಗ ಗಂಡಮಕ್ಕಳಿಲ್ರಿ ಮಾಸ್ತರ. ನಾಳಿ ನಮ್ಮನ್ನ ಯಾರು ನೋಡ್ತಾರ?” ಎಂದಳು. ಮುತ್ತು ಕಟ್ಟಿಸಿಕೊಂಡ ಮಗಳು ಗಂಡುಮಗನಂತೆ ಮನೆಯಲ್ಲೇ ಉಳಿದು ದುಡಿದು ಹಾಕಬೇಕು ಎಂಬ ಲೆಕ್ಕ. ಅರ್ಜಿ ಬರೆದೆವು, ಒಬ್ಬ ಪೇದೆ ಬಂದು ಹೋದ. ಜೂನ್ ತಿಂಗಳಲ್ಲಿ ಆ ಹುಡುಗಿ ಎಂಟನೆಯ ತರಗತಿಗೆ ಬರಲಿಲ್ಲ. ಸಾಂಗ್ಲಿಗೆ, ಅಲ್ಲಿಂದ ಪುಣೆಗೆ ಹೋದಳೆಂದು ಕೇಳಿದೆವು.

ಅವಳು ಒಬ್ಬಳಲ್ಲ. ರಾಜ್ಯ ಸರ್ಕಾರದ 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಅವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಎಲ್ಲರೂ ವೇಶ್ಯಾವೃತ್ತಿಗೆ ಇಳಿದವರಲ್ಲ. ಆದರೆ ಯಾರಿಗೂ ‘ನಿನಗೆ ಒಪ್ಪಿಗೆಯೇ?’ ಎಂದು ಕೇಳಿ ಮುತ್ತು ಕಟ್ಟಿದ್ದಿಲ್ಲ. ಹದಿಮೂರು ವರ್ಷದ ಹುಡುಗಿಯ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ವಕೀಲ ಶಿಷ್ಯನಿಗೆ ನನ್ನ ಮೊದಲ ಉತ್ತರ ಇದು.

ಸುಮಾರು ಇಪ್ಪತ್ತು ವರ್ಷಗಳ ನಂತರ ಒಂದು ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ಹತ್ತಿರದ ಪಟ್ಟಣವೊಂದರಲ್ಲಿ ಮನೆ ಮಾಡಿದ್ದಳು. ಒಂದು ದಾಳಿಯಲ್ಲಿ ಸಿಕ್ಕಿ, ಪತ್ರಿಕೆಯೊಂದರಲ್ಲಿ ಅವಳ ಚಿತ್ರ ಬಂದಿತ್ತು. ಮುಖ ಅರ್ಧ ಮುಚ್ಚಿತ್ತು. ಆದರೆ ಸೀರೆಯನ್ನೂ ಕೈಯ ಹಚ್ಚೆಯನ್ನೂ ಗುರುತಿಸಲು ಓಣಿಯವರಿಗೆ ಅಷ್ಟೇ ಸಾಕಾಯಿತು. ಮನೆಯ ಮಾಲೀಕ ಖಾಲಿ ಮಾಡಿಸಿದ. ಒಂಬತ್ತನೆಯ ತರಗತಿಯಲ್ಲಿದ್ದ ಮಗನ ಮೇಜಿನ ಮೇಲೆ ಯಾರೋ ಆ ಪತ್ರಿಕೆಯ ತುಣುಕನ್ನು ಅಂಟಿಸಿದ್ದರು. ಅವನು ಮತ್ತೆ ಶಾಲೆಗೆ ಹೋಗಲಿಲ್ಲ. “ಕೋರ್ಟಿನವರು ನನ್ನ ಬಿಟ್ಟರ್ರೀ ಸರ, ಪೇಪರಿನವರು ಇನ್ನೂ ಬಿಟ್ಟಿಲ್ಲ” ಎಂದಳು.

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಮುಂದುವರಿಸಿದಳು: “ನನ್ನ ನೋಡಿ ಮರಮರ ಮರಗಬ್ಯಾಡ್ರಿ. ಸಣ್ಣಾಕಿದ್ದಾಗ ನನ್ನ ಯಾರೂ ಕೇಳಲಿಲ್ಲ, ಖರೆ. ಈಗ ಇದ ನನ್ನ ಕೆಲಸ. ಇಬ್ಬರು ತಂಗೇರ ಮದಿವಿ ಮಾಡೀನಿ.” ಆ ಮಾತಿನಲ್ಲಿ ಹೆಮ್ಮೆಯಿತ್ತು.

ಈ ಹೆಮ್ಮೆಯನ್ನು ನಾವು ಅಲಕ್ಷಿಸುವಂತಿಲ್ಲ. ಕೋಲ್ಕತ್ತದ ಸೋನಾಗಾಛಿಯಲ್ಲಿ 1995ರಲ್ಲಿ ಆರಂಭವಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಎಂಬ ಸಂಘಟನೆಯವರು, ತಮ್ಮದು ದುಡಿಮೆ, ತಮಗೆ ಬೇಕಾದದ್ದು ಕರುಣೆಯಲ್ಲ, ಹಕ್ಕು ಎಂದು ಹೇಳುತ್ತ ಬಂದಿದ್ದಾರೆ. ಸಾಲಕ್ಕಾಗಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡಿದ್ದಾರೆ. ಸ್ವೀಡನ್ 1999ರಲ್ಲಿ ಮಾರುವವಳನ್ನು ಬಿಟ್ಟು ಕೊಳ್ಳುವವನಿಗೆ ಶಿಕ್ಷೆ ಎಂದಿತು. ನ್ಯೂಜಿಲೆಂಡ್ 2003ರಲ್ಲಿ ಈ ವೃತ್ತಿಯನ್ನೇ ಅಪರಾಧದ ಪಟ್ಟಿಯಿಂದ ತೆಗೆದು ಕಾರ್ಮಿಕ ರಕ್ಷಣೆಯ ಒಳಗೆ ತಂದಿತು. ಎರಡರ ಸಮರ್ಥಕರೂ ಹೆಣ್ಣಿನ ಹಿತವನ್ನೇ ಹೇಳುತ್ತಾರೆ. ಒಪ್ಪಿಕೊಂಡವಳು ಎಂಬುದೂ ನೊಂದವಳು ಎಂಬುದೂ ಒಬ್ಬಳೇ ಹೆಂಗಸಿನ ಬಾಳಿನಲ್ಲಿ ಬೇರೆಬೇರೆ ಕಾಲಕ್ಕೆ ನಿಜವಾಗಿರಬಹುದು. ‘ಬಲಿಪಶು’ ಎಂಬುದು ಮನುಷ್ಯರ ಜಾತಿಯಲ್ಲ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಅದು ಕಾರಕ ಸಂಬಂಧ. ಯಾರು, ಯಾರನ್ನು, ಏನು ಮಾಡಿದರು ಎಂದು ಪ್ರತಿ ವಾಕ್ಯಕ್ಕೂ ಬೇರೆಯಾಗಿ ಕೇಳಬೇಕು. ಹದಿಮೂರರಲ್ಲಿ ಅವಳನ್ನು ಕರ್ಮಪದವಾಗಿಸಿದವರು ಮನೆಯವರು, ಸಂಪ್ರದಾಯ ಮತ್ತು ಬಡತನ. ತಂಗಿಯರ ಮದುವೆ ಮಾಡಿದ ವಾಕ್ಯದಲ್ಲಿ ಅವಳೇ ಕರ್ತೃ. ಪತ್ರಿಕೆಯ ಚಿತ್ರದಲ್ಲಿ ಅವಳು ಮತ್ತೆ ಕರ್ಮಪದ. ಆ ಸಲ ಮಾಡಿದವರು ಸುದ್ದಿಯವರು ಮತ್ತು ಓದುಗರಾದ ನಾವು.

ಇದನ್ನು ಸರ್ವೋಚ್ಚ ನ್ಯಾಯಾಲಯವೂ ಗಮನಿಸಿತು. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಒಬ್ಬ ಹೆಂಗಸಿನ ಕೊಲೆಯಿಂದ ಹುಟ್ಟಿದ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ, 2011ರಲ್ಲಿ ಕೊಲೆಗಾರನ ಮೇಲ್ಮನವಿಯನ್ನು ವಜಾ ಮಾಡಿದ ಬಳಿಕವೂ ನ್ಯಾಯಾಲಯ ವಿಷಯವನ್ನು ಕೈಬಿಡಲಿಲ್ಲ. 2022ರ ಮೇ 19ರ ಆದೇಶದಲ್ಲಿ, ಬಂಧನ, ದಾಳಿ, ರಕ್ಷಣಾ ಕಾರ್ಯಾಚರಣೆಗಳ ಸಮಯದಲ್ಲಿ ಈ ಮಹಿಳೆಯರು ನೊಂದವರಾಗಿರಲಿ, ಆರೋಪಿಗಳಾಗಿರಲಿ, ಅವರ ಗುರುತು ಹೊರಬೀಳದಂತೆ ಮಾಧ್ಯಮಗಳು ಅತ್ಯಂತ ಎಚ್ಚರ ವಹಿಸಬೇಕು, ಗುರುತು ತಿಳಿಸುವ ಚಿತ್ರಗಳನ್ನು ಪ್ರಕಟಿಸಬಾರದು ಎಂಬ ನಿರ್ದೇಶನವಿದೆ. ‘ಆರೋಪಿಗಳಾಗಿರಲಿ’ ಎಂಬ ಮಾತನ್ನು ಗಮನಿಸಿ. ಅವಳು ಬಲಿಪಶುವೋ ಅಲ್ಲವೋ ಎಂಬ ವಾದ ಮುಗಿಯುವವರೆಗೆ ಅವಳ ಮಾನ ಕಾಯಬೇಕಾಗಿಲ್ಲ.

ಪದಗಳ ವಿಷಯದಲ್ಲಿಯೂ ಯೋಚಿಸಬೇಕಾದದ್ದಿದೆ. ‘ವಾಟಿಕೆ’ ಎಂದರೆ ಆವರಣ, ತೋಟ. ಒಂದು ಸ್ಥಳವನ್ನು ಹೇಳುವ ಪದ ನಮ್ಮ ಪತ್ರಿಕೆಗಳಲ್ಲಿ ವೃತ್ತಿಯ ಹೆಸರಾಗಿದೆ. ‘ಹೈಟೆಕ್’ ಎಂಬ ವಿಶೇಷಣ ಅದರ ಹಿಂದೆ ಸೇರಿದರೆ ಸುದ್ದಿ ರಂಜಕವಾಗುತ್ತದೆ, ಮಾಹಿತಿಯೇನೂ ಹೆಚ್ಚುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ವೃತ್ತಿಯ ಸಂಕವ್ವೆ ಎಂಬ ಶರಣೆ ವಚನ ಬರೆದಳು. ಅವಳ ಅಂಕಿತ ‘ನಿರ್ಲಜ್ಜೇಶ್ವರ’. ತನ್ನ ದೇವರಿಗೇ ಆ ಹೆಸರಿಟ್ಟವಳನ್ನು ಶರಣರು ವಚನಕಾರ್ತಿಯೆಂದು ಒಪ್ಪಿಕೊಂಡರು. ಅವಳ ಹೆಸರಿನ ಹಿಂದೆ ವೃತ್ತಿಯ ಪದವಿತ್ತು, ಹೆಸರಿನ ಮುಂದೆ ಅವಳದೇ ಮಾತಿತ್ತು. ಇಂದಿನ ಸುದ್ದಿಯಲ್ಲಿ ಇಲ್ಲದ್ದು ಆ ಮಾತು.

ನಿಮ್ಮಲ್ಲಿ ಕೆಲವರು ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಕೆಲಸದಲ್ಲಿದ್ದೀರಿ. ಪೊಲೀಸ್ ಪ್ರಕಟಣೆ ಮೇಜಿಗೆ ಬಂದಾಗ ಮೇಷ್ಟರ ಹಳೆಯ ಪಾಠವನ್ನು ನೆನಪಿಸಿಕೊಳ್ಳಿ. ಹುಡುಗಿಯರನ್ನು ತಂದವರು ಯಾರು, ಕಟ್ಟಡ ಯಾರದು, ಹಣ ಯಾರ ಕೈಸೇರುತ್ತಿತ್ತು, ‘ರಕ್ಷಣೆ’ಯಾದವರು ಆರು ತಿಂಗಳ ಮೇಲೆ ಎಲ್ಲಿದ್ದಾರೆ ಎಂದು ಕೇಳಿ. ಅವರು ತಾವಾಗಿ ಏನಾದರೂ ಹೇಳಿದ್ದರೆ ಅದನ್ನು ಬರೆಯಿರಿ. ಉತ್ತರ ಸಿಗದಿದ್ದರೆ ಸುದ್ದಿ ಚಿಕ್ಕದಾಗಲಿ, ಚಿತ್ರ ಬೇಡವೇ ಬೇಡ. ಓದುಗರಾದ ಉಳಿದವರು ಆ ಚಿತ್ರವನ್ನು ಮೊಬೈಲಿನಲ್ಲಿ ಇನ್ನೊಬ್ಬರಿಗೆ ದಾಟಿಸದೆ ಇದ್ದರೆ ಅದೂ ಒಂದು ಉಪಕಾರ.

ಬಲಿಪಶುವಿಲ್ಲದ ಅಪರಾಧವೇ ಎಂದು ಕೇಳಿದ ಶಿಷ್ಯನಿಗೆ ನಾನು ಕೊಟ್ಟ ಕೊನೆಯ ಉತ್ತರ ಇಷ್ಟು: ಆ ಹುಡುಗ ಶಾಲೆ ಬಿಟ್ಟದ್ದು ಯಾವ ಕಾಯಿದೆಯ ಕಲಮಿನಿಂದಲೂ ಅಲ್ಲ. ಅವನನ್ನು ಎಣಿಸದೆ ಲೆಕ್ಕ ಮುಗಿಸಬೇಡ.

ಒಪ್ಪದವರು ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿಯೂ ನನಗೆ ಎದುರು ಪ್ರಶ್ನೆ ಕೇಳುವವರೇ ಪ್ರಿಯರಾಗಿದ್ದರು.