ತಡ ಮಾಡಿದರೆ ಏನಾಗುತ್ತದೆ?

ಸಿಇಟಿ ಆದ ಮೇಲೆ ಏನು ಓದುತ್ತೀ ಎಂದು ಅಬ್ಬ ಆಗಾಗ ಕೇಳುತ್ತಾರೆ. ನನ್ನ ಉತ್ತರ ಹುಟ್ಟಿದ್ದು ‘ವರ್ಲ್ಡ್ 3’ ಎಂಬ ಹಳೆಯ ಕಂಪ್ಯೂಟರ್ ಮಾದರಿಯಿಂದ.

ಅಮೆರಿಕದ ಎಂಐಟಿಯಲ್ಲಿ ಡೊನೆಲ್ಲಾ ಮೆಡೋಸ್, ಡೆನ್ನಿಸ್ ಮೆಡೋಸ್ ಮತ್ತು ಸಂಗಡಿಗರು ಜನಸಂಖ್ಯೆ, ಆಹಾರ, ಕೈಗಾರಿಕೆ, ಮಾಲಿನ್ಯ, ಮುಗಿದುಹೋಗುವ ಸಂಪನ್ಮೂಲ ಈ ಐದನ್ನು ಸಮೀಕರಣಗಳಲ್ಲಿ ಹೆಣೆದರು. ಒಂದು ಬದಲಾದರೆ ಉಳಿದವೂ ಬದಲಾಗುತ್ತವೆ. 1900ರಿಂದ 2100ರವರೆಗಿನ ಲೆಕ್ಕ 1972ರಲ್ಲಿ ‘ದಿ ಲಿಮಿಟ್ಸ್ ಟು ಗ್ರೋತ್’ ಪುಸ್ತಕವಾಗಿ ಬಂತು. ಇದು ಭವಿಷ್ಯವಾಣಿಯಲ್ಲ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಲೆಕ್ಕ ಅಷ್ಟೆ.

ಹೀಗೆಯೇ ಬೆಳೆಯುತ್ತ ಹೋದರೆ 2100ರೊಳಗೆ ಕುಸಿತ ಎಂದಿತು ಮಾದರಿ. ಸಂಪನ್ಮೂಲ ಎರಡು ಪಟ್ಟು ಇದೆ ಎಂದುಕೊಂಡರೂ ಕುಸಿತ ತಪ್ಪಲಿಲ್ಲ. ಆಗ ಕಾರಣ ಮಾಲಿನ್ಯ. ನನಗೆ ನಮ್ಮ ಬೀದಿ ನೆನಪಾಯಿತು. ಬೋರ್‌ವೆಲ್ ಬತ್ತಿದರೆ ಇನ್ನೂ ಆಳಕ್ಕೆ ಕೊರೆಸುತ್ತೇವೆ, ಬಳಕೆ ಮಾತ್ರ ತಗ್ಗಿಸುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಜನಸಂಖ್ಯೆ ಮತ್ತು ಕೈಗಾರಿಕೆಯ ಬೆಳವಣಿಗೆಗೆ ಮಿತಿ ಹಾಕಿ, ಮರುಬಳಕೆ ಹೆಚ್ಚಿಸಿ, ಮಾಲಿನ್ಯ ತಗ್ಗಿಸಿದರೆ ಗೆರೆಗಳು ಕುಸಿಯದೆ ಸಮವಾಗಿ ಸಾಗಿದವು. ಆದರೆ ಈ ಕ್ರಮಗಳನ್ನು 1975ರ ಬದಲು 2000ದಲ್ಲಿ ಆರಂಭಿಸಿದರೆ ಆ ಸಮತೋಲನ ಉಳಿಯಲಿಲ್ಲ.

ನನ್ನ ತರಗತಿಯವರೆಲ್ಲ 2000ದ ನಂತರ ಹುಟ್ಟಿದವರು. ಆ ಗಡುವು ನಮ್ಮ ಕೈಯಲ್ಲಿರಲಿಲ್ಲ. ಇನ್ನು ಎಷ್ಟು ತಡ ಮಾಡುತ್ತೇವೆ ಎಂಬುದು ಮಾತ್ರ ನಮಗೂ ಸೇರಿದ ಪ್ರಶ್ನೆ. ಅದಕ್ಕೇ ಅಬ್ಬನಿಗೆ ಹೇಳಿದ್ದೇನೆ: ಇಂಥ ಲೆಕ್ಕ ಕಟ್ಟುವ ವಿದ್ಯೆಯನ್ನೇ ಓದುತ್ತೇನೆ.