ಪಂಚಮ ಬಂದ ವಾರ

ಆತ್ಮೀಯರೇ,

"ಈಗೀಗ ಏನು ಕೇಳುತ್ತಿದ್ದೀರಿ?" ಅಂತ ನೀವು ಬರೆದು ಹದಿನೈದು ದಿನವಾಯಿತು. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಈ ವಾರ ಇದೆ.

ಶುರುವಾದದ್ದು ಸೋಮವಾರ ರಾತ್ರಿ, ಭೀಮಸೇನ ಜೋಶಿಯವರ ಮಾಲಕೌಂಸದಿಂದ. ನಿದ್ದೆ ಬಾರದ ರಾತ್ರಿಗೆ ಅದು ನನ್ನ ಹಳೆಯ ಮದ್ದು. ಕೇಳಿದರೆ ನಿದ್ದೆಯೇನೂ ಬರುವುದಿಲ್ಲ, ಬರಲಿಲ್ಲವೆಂಬ ಬೇಸರ ಹೋಗುತ್ತದೆ, ಅಷ್ಟೆ. ದಕ್ಷಿಣಾದಿಯವರಿಗೆ ಇದೇ ಹಿಂದೋಳ. ಉತ್ತರಾದಿಯಲ್ಲಿ ಹಿಂಡೋಲ ಅಂದರೆ ಬೇರೆಯೇ ರಾಗ. ಹೆಸರು ನಂಬಿ ಕ್ಯಾಸೆಟ್ ಕೊಂಡು ಪೆಚ್ಚಾದವರಲ್ಲಿ ನಾನೂ ಒಬ್ಬ. ಸ, ಗ, ಮ, ಧ, ನಿ, ಐದೇ ಸ್ವರ. ರಿಷಭವಿಲ್ಲ, ಪಂಚಮವಿಲ್ಲ. ಪಂಚಮವೇ ಇಲ್ಲವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನೂ ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ. ಹಾಡುವವರು ಬಾಯಿ ತೆರೆಯುವ ಮೊದಲೇ ಕೋಣೆಯ ಕತ್ತಲು ಒಂದು ಪದರ ಹೆಚ್ಚಾಗುವುದು ಅದಕ್ಕೇ ಇರಬೇಕು.

ಮಂಗಳವಾರವೂ ಅದೇ. ಬುಧವಾರ ಮಲ್ಲಿಕಾರ್ಜುನ ಮನ್ಸೂರರ ಸಂಪೂರ್ಣ ಮಾಲಕೌಂಸ ಹಾಕಿದೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಅವರಿಗೆ ಬಂದ ಜೈಪುರ ಘರಾಣೆಯ ಗಂಟಿನಲ್ಲಿ ಇಂಥ ಅಪರೂಪದ ರಾಗಗಳು ಎಷ್ಟೋ. ಇದರಲ್ಲಿ ಬಿಟ್ಟುಹೋದ ಎರಡೂ ಸ್ವರಗಳು ಬರುತ್ತವೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಆದರೆ ಎರಡು ರಾತ್ರಿ ಬರೀ ಐದು ಸ್ವರ ಕುಡಿದ ಕಿವಿಗೆ ಆ ಪಂಚಮ ಬಿದ್ದದ್ದು, ಊರು ಬಿಟ್ಟ ಮಗ ಹೇಳದೆ ಕೇಳದೆ ಪಡಸಾಲೆಗೆ ಬಂದು ಕೂತ ಹಾಗೆ! ಮನ್ಸೂರರು ಅದನ್ನು ಎತ್ತಿ ತೋರಿಸುವುದೂ ಇಲ್ಲ. ಅದರ ಮೈ ಸವರಿ ಮುಂದೆ ಹೋಗಿಬಿಡುತ್ತಾರೆ, ನಾವು ಹಿಂದೆ ಓಡಬೇಕು. ಕಿಶೋರಿ ಅಮೋಣಕರರೂ ಇದನ್ನು ಹಾಡಿದ್ದಾರೆ; ಅವರು ಒಂದೊಂದು ಸ್ವರದ ಬಳಿಯೂ ಕೂತು ಮಾತಾಡಿಸುತ್ತಾರೆ. ನನಗೆ ಓಡಿಸುವ ಮನ್ಸೂರರೇ ಹೆಚ್ಚು. ಜಗಳಕ್ಕೆ ಬರುವುದಿದ್ದರೆ ಬನ್ನಿ.

ಹೊಸದು ಬಂದದ್ದು ಶುಕ್ರವಾರ, ಮಗಳು ಫೋನಿಗೆ ಕಳಿಸಿದಳು. ಅಲಿ ಫರ್ಕಾ ತೂರೆ, ಮಾಲಿ ದೇಶದವರು. ನೈಜರ್ ನದಿಯ ದಂಡೆಯ ನಿಯಾಫುಂಕೆಯಲ್ಲಿ ಬೇಸಾಯ ಮಾಡಿಕೊಂಡಿದ್ದು, 2004ರಲ್ಲಿ ಆ ಊರಿನ ಮೇಯರೂ ಆದವರು. ಅಮೆರಿಕದ ರೈ ಕೂಡರ್ ಜತೆ 1994ರಲ್ಲಿ ತಂದ 'ಟಾಕಿಂಗ್ ಟಿಂಬಕ್ಟು'ಗೆ ಗ್ರ್ಯಾಮಿ ಬಂದಿತ್ತು. ಇಷ್ಟು ದಿನ ನಾನೆಲ್ಲಿದ್ದೆ? ಗಿಟಾರು ಹಿಡಿದು ಅವರು ಸುತ್ತುವುದೂ ಬಹಳ ಸಲ ಐದೇ ಸ್ವರದ ಅಂಗಳದಲ್ಲಿ, ನಮ್ಮ ಧಾನಿಗೆ ತೀರ ಹತ್ತಿರ. ಮಾಲಕೌಂಸದ ಧೈವತ ತೆಗೆದು ಅಲ್ಲಿ ಪಂಚಮ ಇಟ್ಟರೆ ಧಾನಿಯ ಸ್ವರಗಳೇ. ವಾರವಿಡೀ ನಾನು ಬೆನ್ನು ಹತ್ತಿದ್ದ ಪಂಚಮ ಅಲ್ಲಿ ಆರಾಮಾಗಿ ಕಾಲು ಚಾಚಿ ಕೂತಿತ್ತು.

ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ ಕೇಳಿದಳು: "ಯಾವ ಊರಾಂವ ಇಂವ? ನಮ್ಮ ಡೊಳ್ಳಿನ ಹಾಡಿನವರ ಗತೆ ಹಾಡಾಕತ್ತಾನಲ್ಲ."

ಆಫ್ರಿಕಾದವರು ಅಂದೆ.

"ಇರವಲ್ಲದ್ಯಾಕ. ಸ್ವಲ್ಪ ಜೋರು ಹಚ್ಚು."

ಶನಿವಾರ ಎಂದಿನಂತೆ ಅಶ್ವತ್ಥರ ಶರೀಫ. ಆ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ.

ನೀವು ಕೇಳುವುದಾದರೆ ಒಂದು ಮಾತು: ಮೊದಲು ಜೋಶಿಯವರು, ಎರಡು ರಾತ್ರಿ ಬೇರೆ ಏನೂ ಬೇಡ, ಆಮೇಲೆ ಮನ್ಸೂರರು. ಅವಸರ ಮಾಡಿದರೆ ಆ ಪಂಚಮ ಸಿಗುವುದಿಲ್ಲ. ಇನ್ನೂ ಬರೆಯುತ್ತಿದ್ದೆ, ಆದರೆ "ಆ ಆಫ್ರಿಕಾದಾಂವನ್ನ ಹಚ್ಚು" ಅಂತ ಅವ್ವ ಆಗಿನಿಂದ ಕೂಗುತ್ತಿದ್ದಾಳೆ.

ನಿಮ್ಮವ